ರಾಜಹಂಸಗಳಿಗೆ ಉಡಿ ತುಂಬಿದವರು

ಹಕ್ಕಿಗೆ ಲಂಚ ಕೊಡಲಾಗುವುದಿಲ್ಲ. ಈ ಒಂದೇ ನಂಬಿಕೆಯ ಮೇಲೆ ಮಾಲಿನ್ಯ ನಿಯಂತ್ರಣ ಮಂಡಳಿಯವರು ಇಡೀ ಹಿನ್ನೀರಿನ ಹಣೆಬರಹ ಬರೆದಿಟ್ಟಿದ್ದರು.

ಮೊದಲು ಹಾಗಿರಲಿಲ್ಲ. ನೀರಿನಲ್ಲಿ ಸೀಸ ಎಷ್ಟಿದೆ, ಕ್ಯಾಡ್ಮಿಯಂ ಎಷ್ಟಿದೆ ಎಂದು ಅಳೆಯುವ ಯಂತ್ರಗಳನ್ನು ಕೃಷ್ಣೆಯ ಹಿನ್ನೀರಿನುದ್ದಕ್ಕೂ ಇಳಿಬಿಟ್ಟಿದ್ದರು. ಒಂದು ಬೇಸಿಗೆಯಲ್ಲಿ ನೀರು ತಳ ಕಂಡಾಗ ನೋಡಿದರೆ, ಪ್ರತಿ ಯಂತ್ರದ ಮೂತಿಗೂ ಒಂದೊಂದು ಪ್ಲಾಸ್ಟಿಕ್ ಚೀಲ ಕಟ್ಟಿತ್ತು. ಚೀಲದ ತುಂಬ ಬಾಟಲಿಯ ಶುದ್ಧ ನೀರು! ಯಂತ್ರಗಳು ವರ್ಷಗಟ್ಟಲೆ ಆ ಚೀಲದ ನೀರನ್ನೇ ಅಳೆದು, ಎಲ್ಲ ಸರಿಯಿದೆ ಎಂದು ವರದಿ ಕಳಿಸುತ್ತಿದ್ದವು. ಕಟ್ಟಿದವರು ಯಾರೆಂದು ಎಲ್ಲರಿಗೂ ಗೊತ್ತಿತ್ತು. ಹಿನ್ನೀರಿನ ಮೇಲ್ದಂಡೆಯಲ್ಲಿ ಹಳೆಯ ಬ್ಯಾಟರಿ ಕರಗಿಸುವ ಭಟ್ಟಿಗಳಿದ್ದವು. ಯಾರ ಮೇಲೂ ಕೇಸಾಗಲಿಲ್ಲ. ಯಂತ್ರಗಳ ಮೇಲೆ ಮಾತ್ರ ಸಿಟ್ಟು ತೀರಿಸಿಕೊಂಡು ಎಲ್ಲವನ್ನೂ ಕಿತ್ತು ಬಿಸಾಕಿದರು.

ಆಗ ಯಾರಿಗೋ ಹೊಳೆಯಿತು. ಯಂತ್ರವನ್ನು ಬಿಟ್ಟು ಹಕ್ಕಿಯನ್ನೇ ಕೇಳಿದರೆ ಹೇಗೆ?

ಚಳಿಗಾಲ ಬಂತೆಂದರೆ ಸಾವಿರಗಟ್ಟಲೆ ರಾಜಹಂಸಗಳು ಈ ಹಿನ್ನೀರಿಗೆ ಇಳಿಯುತ್ತವೆ. ತೆಳು ನೀರಿನಲ್ಲಿ ನಿಂತು, ತಲೆ ಕೆಳಗೆ ಮಾಡಿ, ಸೊಟ್ಟ ಕೊಕ್ಕಿನಿಂದ ಕೆಸರು ಜಾಲಿಸಿ ಪಾಚಿಯನ್ನೂ ಸಣ್ಣ ಸಿಗಡಿಯನ್ನೂ ತಿನ್ನುತ್ತವೆ. ಅವುಗಳ ಗುಲಾಬಿ ಬಣ್ಣ ಹುಟ್ಟಿನಿಂದ ಬಂದದ್ದಲ್ಲ, ಊಟದಿಂದ ಬಂದದ್ದು. ಪಾಚಿಯ ಕೆಂಪು ಹಕ್ಕಿಯ ರಕ್ತಕ್ಕೆ ಇಳಿದು, ಅಲ್ಲಿಂದ ಗರಿಗೂ, ಬಾಲದ ಬುಡದಲ್ಲಿರುವ ಎಣ್ಣೆಯ ಗಂಟಿಗೂ ಸೇರುತ್ತದೆ. ಹಕ್ಕಿ ಆ ಎಣ್ಣೆಯನ್ನು ಕೊಕ್ಕಿನಿಂದ ತೆಗೆದು, ಮದುವಣಗಿತ್ತಿಯ ಹಾಗೆ ಮೈಗೆಲ್ಲ ಸವರಿಕೊಳ್ಳುತ್ತದೆ. ಆದರೆ ಮೈಯೊಳಗೆ ಸೀಸವೋ ಕ್ಯಾಡ್ಮಿಯಮ್ಮೋ ಸೇರಿತೆನ್ನಿ, ಹಕ್ಕಿ ಆ ಬಣ್ಣವನ್ನೇ ಮದ್ದು ಮಾಡಿಕೊಂಡು ವಿಷದ ಜೊತೆ ಕಾದಾಡುತ್ತದೆ. ಸಿಂಗಾರಕ್ಕೆ ಏನೂ ಉಳಿಯುವುದಿಲ್ಲ. ಮೈ ಬಿಳಿಚಿಕೊಳ್ಳುತ್ತದೆ.

ಅಷ್ಟೇ ಲೆಕ್ಕ. ನೀರಿನ ನಡುವೆ ಗೋಪುರ ನಿಲ್ಲಿಸಿ, ಮೇಲೆ ಕ್ಯಾಮೆರಾ ಇಟ್ಟು, ಇಡೀ ಹಿಂಡಿನ ಬಣ್ಣಕ್ಕೆ ದಿನವೂ ನೂರಕ್ಕಿಷ್ಟು ಎಂದು ಅಂಕಿ ಕೊಟ್ಟರು. ಅದಕ್ಕೆ ಗುಲಾಬಿ ಅಂಕಿ ಎಂದು ಹೆಸರು. ಅಂಕಿ ಐವತ್ತರ ಮೇಲಿದ್ದರೆ, ಹಿನ್ನೀರಿನಿಂದ ಊರಿಗೆ ನೀರೆತ್ತುವ ಜಾಕ್‌ವೆಲ್ಲಿನ ನೆತ್ತಿಯಲ್ಲಿ ಹಸಿರು ದೀಪ: ನಲ್ಲಿಯಲ್ಲಿ ನೀರು ಬರುತ್ತದೆ, ಬಲೆ ಬೀಸಬಹುದು, ಮೀನು ಮಾರಬಹುದು. ಕೆಳಗಿಳಿದರೆ ಕೆಂಪು ದೀಪ. ಪಂಪು ತಾನಾಗಿ ಬಂದಾಗುತ್ತದೆ, ಮೀನನ್ನು ಯಾರೂ ಮುಟ್ಟುವುದಿಲ್ಲ. ಹಕ್ಕಿ ಇರುವ ಕಾಲದಲ್ಲಿ ಒಮ್ಮೆ ಮಂಡಳಿಯ ವಿಜ್ಞಾನಿ ಬಂದು ಸಹಿ ಮಾಡಿದರೆ ಅದೇ ದೀಪ ಮುಂದಿನ ಚಳಿಗಾಲದ ತನಕ.

ಹೊಸ ಕಡ್ಲಿಹಾಳದ ದುರಗಪ್ಪ ಅಂಬಿಗೇರ ಈ ಅಂಕಿಯನ್ನು ಕಾಯುವ ಮನುಷ್ಯ. ಹಳೆಯ ಕಡ್ಲಿಹಾಳ ಅವನು ಹುಟ್ಟುವ ಮೊದಲೇ ನೀರಿನ ಪಾಲಾಗಿತ್ತು. ಅಪ್ಪ ಹರಿಗೋಲು ಹಾಕಿ ಮೀನು ಹಿಡಿದವನು. ದುರಗಪ್ಪನೂ ಹಿಡಿದವನೇ. ಆಮೇಲೆ ಮಂಡಳಿಯವರು ಊರಿನವನೇ ಒಬ್ಬ ಬೇಕೆಂದು ದಿಬ್ಬದ ಮೇಲಿನ ಬಣ್ಣದ ಕೋಣೆಗೆ ಇವನನ್ನು ತೆಗೆದುಕೊಂಡರು. ಪರದೆ ನೋಡುವುದು, ಕ್ಯಾಮೆರಾ ಒರೆಸುವುದು, ಸತ್ತ ಹಕ್ಕಿ ಕಂಡರೆ ತಿಳಿಸುವುದು ಅವನ ಕೆಲಸ.

ಈ ಸಲ ಹಕ್ಕಿಗಳು ಬಂದು ತಿಂಗಳು ಕಳೆಯುವುದರೊಳಗೆ ಸುಣ್ಣ ಬಳಿದಂತೆ ಬಿಳಿಚಿಕೊಂಡಿದ್ದವು. ಅಂಕಿ ಇಳಿದು ಇಳಿದು ಗೆರೆಯ ಹತ್ತಿರ ಬಂದು ನಿಂತಾಗ, ಹಿಂದೊಮ್ಮೆ ಕೆಂಪು ಹತ್ತಿದ ವರ್ಷ ನೆನಪಾಗಿ ದುರಗಪ್ಪನಿಗೆ ಊಟ ಸೇರಿರಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಅಂಕಿ ಏರತೊಡಗಿತು. ಏರಿದ್ದು ಏರುತ್ತಲೇ ಹೋಯಿತು. ಈಗ ಎಪ್ಪತ್ತು ದಾಟಿದೆ. ಕೋಣೆ ಕಟ್ಟಿದಾಗಿನಿಂದ ಇಷ್ಟು ಎಂದೂ ಆಗಿರಲಿಲ್ಲ. ಕುಣಿಯಬೇಕಾದ ಮನುಷ್ಯ ಯಾಕೋ ಮತ್ತೆ ಮತ್ತೆ ಪರದೆ ಒರೆಸಿ ನೋಡುತ್ತಿದ್ದ.

ಮಂಗಳವಾರ ಪರದೆಯ ಮೂಲೆಯಲ್ಲಿ ಐನಾಪುರ ಮೇಡಂ ಮುಖ ಕಾಣಿಸಿತು. ಬಾಗಲಕೋಟೆಯಲ್ಲಿ ಕೂತು ಹಿನ್ನೀರಿನ ಎಲ್ಲ ಕೋಣೆಗಳನ್ನು ನೋಡಿಕೊಳ್ಳುವ ವಿಜ್ಞಾನಿ ಆಕೆ. ಮಾತು ಕಡಿಮೆ, ಕಣ್ಣು ಚುರುಕು.

"ದುರಗಪ್ಪನವರ, ಲೆನ್ಸ್ ಯಾವಾಗ ಒರಸೀರಿ?"

"ನಿನ್ನೇನ ಒರಸೇನ್ರಿ ಮೇಡಮ್ಮಾರ. ಯಾಕ್ರಿ?"

"ಬಣ್ಣ ನೋಡ್ರಿ. ಗುಲಾಬಿ ಅಲ್ಲ ಅದು, ಕೇಸರಿ ಕಡೆ ಹೊಂಟೈತಿ. ಮತ್ತ ಎಲ್ಲಾ ಹಕ್ಕಿ ಒಂದ ಸಲಕ್ಕ ಕೆಂಪಾಗ್ಯಾವ. ಮುದಿ ಹಕ್ಕಿ, ಮರಿ ಹಕ್ಕಿ ಎಲ್ಲಾ ಒಂದ ನಮೂನಿ. ಹಂಗ ಆಗಂಗಿಲ್ಲ."

"ಪಾಚಿ ಚಲೋ ಬೆಳದಿರಬೇಕ್ರಿ."

"ಬೆಳದಿರಬಹುದು," ಎಂದರು ಮೇಡಂ. ನಂಬಿದ ದನಿಯಾಗಿರಲಿಲ್ಲ. "ಗೋಪುರಕ್ಕ ಹೋಗಿ ಲೆನ್ಸ್ ಬದಲಿ ಮಾಡ್ರಿ. ಗುರುವಾರ ನಾನ ಬರ್ತೀನಿ, ಸಹಿ ಮಾಡೂದೈತಿ."

"ಗುರುವಾರ ನಮ್ಮ ಮಗಳ ಕುಬಸ ಐತ್ರಿ. ಊಟಕ್ಕ ಬರಬೇಕ್ರಿ ನೀವು."

"ಹಸಿರು ಇದ್ರ ಬರ್ತೀನಿ," ಎಂದು ನಕ್ಕು ಮೇಡಂ ಪರದೆಯಿಂದ ಹೋದರು. ಅದು ತಮಾಷೆ. ಆದರೂ ದುರಗಪ್ಪನಿಗೆ ನಗು ಬರಲಿಲ್ಲ.

ಮನೆಯಲ್ಲಿ ಹೆಂಡತಿ ಕಾಶವ್ವ ಮೀನು ಹುರಿಯುತ್ತಿದ್ದಳು. ಮಗಳು ಶಿವಲೀಲಾ ಗೋಡೆಗೊರಗಿ ಕಾಲು ಚಾಚಿ ಕೂತಿದ್ದಳು. ಗುಳೇದಗುಡ್ಡದ ಅಳಿಯ ಆಟೋ ಓಡಿಸುವವನು. ಐದು ತಿಂಗಳ ಕುಬಸ, ಅಂದರೆ ಸೀಮಂತ, ಅವರ ಮನೆಯಲ್ಲಾಯಿತು. ಅದಾದ ಕೂಡಲೇ ಚೊಚ್ಚಲ ಬಸುರಿಯನ್ನು ತವರಿಗೆ ಕರೆತಂದಿದ್ದರು. ಬಂದಾಗ ಗಲ್ಲ ತುಂಬಿಕೊಂಡು ಹೊಳೆಯುತ್ತಿದ್ದ ಹುಡುಗಿ. ಈಗ ಏಳು ತಿಂಗಳು, ಗುರುವಾರ ತವರಿನ ಕುಬಸ. ಗಲ್ಲ ಇಳಿದಿವೆ, ಕಣ್ಣ ಕೆಳಗೆ ಕಪ್ಪು ಹತ್ತಿದೆ.

"ತಿನ್ನಬೇ ತಂಗಿ, ಬಿಸಿ ಐತಿ," ಎಂದಳು ಕಾಶವ್ವ.

"ಒಲ್ಲೆಬೇ ಯವ್ವಾ. ಬಾಯಿಗೆ ಏನೂ ರುಚಿ ಹತ್ತವಲ್ತು. ಕಬ್ಬಿಣ ನೆಕ್ಕಿದಂಗ ಆಗತೈತಿ. ಹೊಟ್ಟಿ ಬ್ಯಾರೆ ನುಲೀತೈತಿ."

"ಬಸುರಿ ಬಾಯಿ ಅಂದ್ರ ಹಂಗ. ನಿನ್ನ ಹೊತ್ತಾಗ ನಾನು ಗ್ವಾಡಿ ಮಣ್ಣು ತಿಂದಾಕಿ."

"ಅದಕ್ಕ ಇದು ಗ್ವಾಡಿ ಹಂಗ ಹುಟ್ಟೇತಿ, ಯಾರ ಮಾತಿಗೂ ಜಗ್ಗಂಗಿಲ್ಲ," ಎಂದು ದುರಗಪ್ಪ ಒಳಗೆ ಬಂದ. ಮಗಳು ನಕ್ಕಳು. ನಗು ಕಣ್ಣಿನ ತನಕ ಹೋಗಲಿಲ್ಲ.

ಕಾಶವ್ವ ತಾಟು ಇಡುತ್ತ ಕೇಳಿದಳು. "ಇವತ್ತ ಎಷ್ಟೈತ್ರಿ ಅಂಕಿ?"

ದುರಗಪ್ಪ ಎತ್ತಿದ ತುತ್ತನ್ನು ಹಾಗೇ ತಡೆದ. ಇಷ್ಟು ವರ್ಷ ಅಂಕಿಯ ಸುದ್ದಿ ತೆಗೆದರೆ "ಸಾಕ್ ಮಾಡ್ರಿ ನಿಮ್ಮ ಹಕ್ಕಿ ಪುರಾಣ" ಎನ್ನುತ್ತಿದ್ದವಳು. ಈಚೆಗೆ ದಿನಾ ಕೇಳುತ್ತಾಳೆ.

"ಎಪ್ಪತ್ತರ ಮ್ಯಾಲೈತಿ. ಯಾಕ?"

"ಸುಮ್ನ ಕೇಳಿದ್ನಿ. ಹಸರ ಇರತೈತಿಲ್ಲೋ ಹಂಗಾದ್ರ?"

"ಗುರುವಾರ ಮೇಡಂ ಬಂದು ಸಹಿ ಮಾಡಿದ್ರ ಇರತೈತಿ."

"ದ್ಯಾಮವ್ವ ಕಣ್ಣು ತೆರದ್ಲು," ಎಂದು ಕಾಶವ್ವ ಕೈ ಮುಗಿದಳು. ಆಕೆಯ ಬೆರಳ ಸಂದುಗಳಲ್ಲಿ ಕೆಂಪು ಹಿಡಿದಿತ್ತು. ಊರ ಹೆಂಗಸರೆಲ್ಲ ಮೆಣಸಿನಕಾಯಿ ಗೋದಾಮಿಗೆ ತೊಟ್ಟು ಬಿಡಿಸಲು ಹೋಗುವವರು. ಕೆಂಪಿಲ್ಲದ ಕೈ ಇಲ್ಲಿ ಯಾರಿಗಿದೆ? ದುರಗಪ್ಪ ಊಟ ಮಾಡಿ, ನಲ್ಲಿಯ ನೀರನ್ನು ಗಟಗಟ ಕುಡಿದ. ಮಗಳಿಗೂ ಒಂದು ಚೊಂಬು ತಾನೇ ತುಂಬಿಕೊಟ್ಟ.

ಮರುದಿನ ಬೆಳಿಗ್ಗೆ ಹರಿಗೋಲು ಹಾಕಿಕೊಂಡು ಗೋಪುರಕ್ಕೆ ಹೊರಟ. ಹಿಂಡು ಎಂದಿನ ಜಾಗದಲ್ಲೇ ಇತ್ತು. ದೂರದಿಂದ ನೋಡಿದರೆ ಹಬ್ಬ. ಹತ್ತಿರ ಹೋದರೆ ಬೇರೆಯೇ. ಮನುಷ್ಯ ಬಂದರೆ ಸರಕ್ಕನೆ ಸರಿಯುವ ಹಕ್ಕಿಗಳು ಸರಿಯುತ್ತಿರಲಿಲ್ಲ. ಒಂದು ಹಕ್ಕಿ ಕುತ್ತಿಗೆ ಎತ್ತಲಾರದೆ ಕೊಕ್ಕನ್ನು ನೀರಿನಲ್ಲಿ ಊರಿಕೊಂಡು, ಕೋಲಿಗೆ ಒರಗಿದ ಮುದುಕಿಯ ಹಾಗೆ ನಿಂತಿತ್ತು. ಇನ್ನೊಂದು ಹೆಜ್ಜೆ ಇಡಲು ಹೋಗಿ ಪಕ್ಕಕ್ಕೆ ವಾಲಿ ಬಿತ್ತು. ಎದ್ದಿತು. ಮತ್ತೆ ಬಿತ್ತು. ಬಣ್ಣವೇನೋ ಢಾಳಾಗಿ ಉರಿಯುತ್ತಿತ್ತು. ಜಡ್ಡು ಬಿದ್ದವರ ಮುಖಕ್ಕೆ ಯಾರೋ ಬಲವಂತದಿಂದ ಬಣ್ಣ ಬಳಿದಂತೆ.

ಅವನು ಲೆನ್ಸ್ ಬದಲಿಸಿದ. ಕೋಣೆಯ ಯಂತ್ರ ಕೈಫೋನಿಗೆ ಹೊಸ ಅಂಕಿ ಕಳಿಸಿತು. ಅದೇ ಎಪ್ಪತ್ತರ ಮೇಲಿನದು. ಕೆಳಗಿಳಿಯುವಾಗ ನೀರಿನ ಮೇಲೆ ಒಂದು ಗರಿ ತೇಲುತ್ತಿರುವುದು ಕಂಡಿತು. ಎತ್ತಿದ. ಬೆರಳಿಗೆ ಜಿಡ್ಡು ಹತ್ತಿತು. ಹೆಗಲ ಮೇಲಿನ ಟವೆಲಿನಿಂದ ಗರಿಯನ್ನು ಒಮ್ಮೆ ಎಳೆದು ಒರೆಸಿದ. ಗರಿ ಪೂರ್ತಿ ಬಿಳಿಯಾಯಿತು. ಟವೆಲಿನ ಮೇಲೆ ಕೇಸರಿ ಪಟ್ಟಿ ಮೂಡಿತು.

ರಾಜಹಂಸದ ಎಣ್ಣೆಯ ಬಣ್ಣ ಬಟ್ಟೆಗೆ ಹತ್ತುತ್ತದೆ, ಅವನಿಗೆ ಗೊತ್ತು. ತುಸುವೇ, ತೊಳೆದರೆ ಹೋಗುವಷ್ಟು. ಇದು ಹಾಗಲ್ಲ. ನೀರಿನ ಮೇಲೂ ಅಲ್ಲಲ್ಲಿ ಕೆಂಪನೆಯ ಎಣ್ಣೆಯ ಕಣ್ಣುಗಳು ಮಿನುಗುತ್ತಿದ್ದವು. ಟವೆಲನ್ನು ಮೂಗಿಗೆ ಹಿಡಿದ. ಕುಸುಬಿ ಎಣ್ಣೆಯ ವಾಸನೆ. ನಾಲಿಗೆಯ ತುದಿಗೆ ಹಚ್ಚಿಕೊಂಡ. ನಿಧಾನವಾಗಿ, ತೀರಾ ಮೆತ್ತಗೆ ಖಾರ ಏರಿತು.

ಬ್ಯಾಡಗಿ ಮೆಣಸಿನಕಾಯಿ. ಖಾರ ಕಡಿಮೆ, ಬಣ್ಣ ಹೆಚ್ಚು.

ತರಬೇತಿಯಲ್ಲಿ ಐನಾಪುರ ಮೇಡಂ ಹೇಳಿದ್ದರು, ಕ್ಯಾರೆಟ್, ಟೊಮೆಟೊ, ಕೆಂಪು ಮೆಣಸಿನಕಾಯಿ, ಪಾಚಿ, ಇವೆಲ್ಲದರ ಬಣ್ಣ ಒಂದೇ ಮನೆತನದ್ದು. ಹಕ್ಕಿಗೆ ಯಾವುದನ್ನು ತಿನ್ನಿಸಿದರೂ ಮೈಗೆ ಹತ್ತುತ್ತದೆ, ಹಕ್ಕಿಯ ನಾಲಿಗೆಗೆ ಖಾರ ತಿಳಿಯುವುದೇ ಇಲ್ಲ. ಎಂಥ ಸೋಜಿಗ ಎಂದು ಅವನು ಅದನ್ನು ಮನೆಗೆ ಬಂದು ಊಟದ ಹೊತ್ತಿಗೆ ಕೊಚ್ಚಿಕೊಂಡಿದ್ದ. ಎದುರಿಗೆ ಕೂತು ರೊಟ್ಟಿ ಮುರಿಯುತ್ತಿದ್ದವಳು ಕಾಶವ್ವ.

ಮನೆಗೆ ಬಂದವನು ಚಪ್ಪಲಿಯನ್ನೂ ಬಿಡಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತು ಟವೆಲನ್ನು ಹೆಂಡತಿಯ ಮುಂದೆ ಒಗೆದ.

"ಏನಿದು?"

ಕಾಶವ್ವ ಟವೆಲ್ ನೋಡಿದಳು. ಒಲೆ ಆರಿಸಿದಳು. ಸುಳ್ಳು ಹೇಳುವ ಹೆಂಗಸಲ್ಲ ಆಕೆ.

"ಉಡಿ," ಎಂದಳು.

ಕಡ್ಲಿಹಾಳದ ಹೆಂಗಸರಿಗೆ ರಾಜಹಂಸ ಬರೀ ಹಕ್ಕಿಯಲ್ಲ. ವರ್ಷಕ್ಕೊಮ್ಮೆ ತವರಿಗೆ ಬರುವ ಹೆಣ್ಣುಮಗಳು. ಹಂಸವ್ವ ಎಂದೇ ಕರೆಯುವುದು. ಹಿಂಡು ಇಳಿದು ತಿಂಗಳಾದ ಮೇಲಿನ ಮೊದಲ ಶುಕ್ರವಾರ, ಬಾಗಿನ ಕೊಡುವ ಹಾಗೆ, ಜೋಳ, ಬೆಲ್ಲ, ಎಲೆ ಅಡಿಕೆ ತಂದು ತೆಳು ನೀರಿನಲ್ಲಿ ಉಡಿ ತುಂಬಿ ಬರುತ್ತಾರೆ. ಅಜ್ಜಿಯರ ಕಾಲದಿಂದ ನಡೆದದ್ದು. ಮಂಡಳಿಯವರಿಗೂ ಗೊತ್ತಿತ್ತು. ನಾಲ್ಕು ಕಾಳು ಜೋಳದಿಂದ ಏನಾದೀತು ಎಂದು ಸುಮ್ಮನಿದ್ದರು.

"ಈ ಸಲ ನೋಡಾಕ ಆಗಲಿಲ್ರಿ," ಎಂದಳು ಕಾಶವ್ವ. "ಗಂಡನ ಮನ್ಯಾಗ ಉಪಾಸ ಕೆಡವಿ ಕಳಿಸಿದ ಮಗಳಂಗ ಆಗಿದ್ದುವು. ರಕ್ತನ ಇಲ್ಲ ಮೈಯಾಗ. ಮಗಳು ಬಿಳಿಚಿಕೊಂಡ್ರ ತಾಯಿ ಏನ ಮಾಡತಾಳ? ಮೈ ತುಂಬೂ ಹಂಗ ತಿನಸ್ತಾಳ. ನೀವ ಹೇಳಿದ್ರಿ ಮೆಣಸಿನಕಾಯಿ ತಿಂದ್ರ ಅವಕ್ಕ ಬಣ್ಣ ಬರತೈತಿ ಅಂತ. ಗೋದಾಮಿನಾಗ ಒಡದ ಸಿಪ್ಪಿ ಸುಮ್ನ ಬಿದ್ದಿರತಾವ. ಕುಟ್ಟಿ, ಕುಸುಬಿ ಎಣ್ಣ್ಯಾಗ ನೆನಸಿ, ಜ್ವಾಳದ ಹಿಟ್ಟಿಗೆ ಕಲಿಸಿ ಚೆಲ್ಲಿ ಬಂದ್ವಿ. ಅಷ್ಟ."

"ಒಂದ ಸಲ ಚೆಲ್ಲಿದ್ದಕ್ಕ ಹಿಂಗ ಆಗತೈತೇನು? ನನ್ನ ಮುಂದ ಹೇಳಬ್ಯಾಡ!"

"ಒಂದ ಸಲ ಅಲ್ಲ."

"ಮತ್ತ?"

"ನೀವು ಆವತ್ತ ಬಂದು ಅಂಕಿ ಏರೇತಿ ಅಂತ ಹೇಳಿ ನಕ್ಕಿರಿ. ಆ ಕೆಂಪು ದೀಪದ ವರ್ಷದಿಂದ ನಿಮ್ಮ ಮಾರಿ ಮ್ಯಾಲೆ ನಗಿ ನೋಡಿರಲಿಲ್ಲ ನಾನು. ನಾ ಹೋಗಿ ನೆರಿಯವ್ವಗೋಳ ಮುಂದ ಅಂದ್ನಿ. ಆಮ್ಯಾಲೆ ದಿನಾ ಹೊಂಟ್ವಿ. ಊರಿನ ಎಲ್ಲಾ ಹೆಣ್ಣಮಕ್ಕಳೂ."

ದುರಗಪ್ಪನ ಕೈ ಮೇಲೆದ್ದಿತು. ಎಂದೂ ಏಳದ ಕೈ. ಎದ್ದ ಕೈಯನ್ನು ಏನು ಮಾಡುವುದೆಂದು ತಿಳಿಯದೆ ಗೋಡೆಗೆ ಗುದ್ದಿದ. ಗೂಡಿನ ಮೇಲಿನ ಡಬ್ಬಿ ಉರುಳಿ ಬಿತ್ತು.

"ಹುಚ್ಚಿ ಅದೀಯೇನ! ಹಕ್ಕಿ ಬಿಳಿಚಿತು ಅಂದ್ರ ನೀರಾಗ ವಿಷ ಐತಿ ಅಂತ ಅದು ಒದರಾಕತ್ತೈತಿ! ಒದರೂ ಬಾಯಿಗೆ ಬಟ್ಟಿ ತುರುಕಿದ್ರಿ ನೀವು! ಯಂತ್ರಕ್ಕ ಚೀಲ ಕಟ್ಟಿದ್ರಲ್ಲ, ಆ ಸೂಳೆಮಕ್ಕಳಿಗೂ ನಿಮಗೂ ಏನ ಫರಕ್ ಉಳೀತು?"

"ಫರಕ್ ಐತಿ!" ಕಾಶವ್ವನ ದನಿಯೂ ಏರಿತು. "ಅವ್ರು ತಿಜೋರಿ ತುಂಬಾಕ ಕಟ್ಟಿದ್ರು. ನಾವು ಊರು ಉಳಿಸಾಕ ಚೆಲ್ಲಿದ್ವಿ. ಮರತೀರೇನು? ಟ್ಯಾಂಕರ್ ನೀರಿಗೆ ಕೊಡ ಹಿಡಕೊಂಡು ಹೆಂಗಸರು ಕೂದಲಾ ಜಗ್ಗ್ಯಾಡಿದ್ದು? ನಿಮ್ಮ ತಮ್ಮ ಗೋವಾಕ ದುಡಿಯಾಕ ಹೋದವ ತಿರಗಿ ಬಂದಾನೇನು? ಕೆಂಪು ಹತ್ತಿದ ಊರಿಗೆ ಯಾರೂ ಹೆಣ್ಣೂ ಕೊಡಂಗಿಲ್ಲ, ಮೀನೂ ಒಯ್ಯಂಗಿಲ್ಲ. ಭಟ್ಟಿ ಹಚ್ಚಿದವ್ರಿಗೆ ಏನಾತು? ಕೆಂಪು ದೀಪ ಭಟ್ಟಿ ಮ್ಯಾಲೆ ಯಾಕ ಹತ್ತಂಗಿಲ್ಲ? ನಮ್ಮ ಜಾಕ್‌ವೆಲ್ ಮ್ಯಾಲೆ ಯಾಕ ಹತ್ತತೈತಿ?"

ದುರಗಪ್ಪ ಬಿದ್ದ ಡಬ್ಬಿ ಎತ್ತಿ ಗೂಡಿನಲ್ಲಿಟ್ಟ.

"ಯಪ್ಪಾ."

ಇಬ್ಬರೂ ತಿರುಗಿದರು. ಶಿವಲೀಲಾ ಬಾಗಿಲ ಕಟ್ಟು ಹಿಡಿದು ನಿಂತಿದ್ದಳು. ಇನ್ನೊಂದು ಕೈಯಲ್ಲಿ ನೀರಿನ ಚೊಂಬು.

"ನೀರಾಗ ಸೀಸ ಇದ್ರ, ಹೊಟ್ಟ್ಯಾಗಿನ ಕೂಸಿಗೆ ಏನಾಗತೈತಿ?"

ಅವಳು ಚೊಂಬನ್ನು ಅತ್ಯಂತ ಜೋಪಾನವಾಗಿ, ಒಂದು ಹನಿಯೂ ಚೆಲ್ಲದಂತೆ ನೆಲದ ಮೇಲಿಟ್ಟಳು. ಕಾಶವ್ವ ಆ ಚೊಂಬನ್ನೇ ನೋಡುತ್ತ ನಿಂತಳು. ಅಂಕಿ, ದೀಪ, ಊರು ಎಲ್ಲವನ್ನೂ ಲೆಕ್ಕ ಹಾಕಿದ್ದ ಹೆಂಗಸು ಈ ಒಂದು ಚೊಂಬನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಆಕೆಯ ಮುಖದಲ್ಲಿ ಹನಿ ರಕ್ತವಿರಲಿಲ್ಲ.

ಗುರುವಾರ ಐನಾಪುರ ಮೇಡಂ ಬಂದಾಗ ದುರಗಪ್ಪ ಬಣ್ಣದ ಕೋಣೆಯ ಹೊರಗೇ ಕಾಯುತ್ತಿದ್ದ. ಕೆಳಗೆ ಊರಿನಲ್ಲಿ ಮೈಕ್ ಹಚ್ಚಿದ್ದರು. ಕುಬಸಕ್ಕೆಂದು ಗುಳೇದಗುಡ್ಡದಿಂದ ಬೀಗರು ಬಂದಿದ್ದರು. ಹೋಳಿಗೆ ಬೇಯುವ ವಾಸನೆ ದಿಬ್ಬದ ತನಕ ಬರುತ್ತಿತ್ತು. ಬೇರೆ ನೀರಿಲ್ಲದೆ ಅದನ್ನೂ ನಲ್ಲಿಯ ನೀರಿನಲ್ಲೇ ಬೇಯಿಸುತ್ತಿದ್ದರು.

ಕೂರುವ ಮೊದಲೇ ಎಲ್ಲ ಒದರಿಬಿಟ್ಟ. ಗರಿ, ಟವೆಲ್, ಮೆಣಸಿನಕಾಯಿ, ಹೆಂಡತಿಯ ಹೆಸರು, ತನ್ನ ಬಾಯಿಬಡುಕತನ, ಎಲ್ಲ. "ನನ್ನ ಕೆಲಸ ಕಸಗೋರಿ, ಕೇಸ್ ಹಾಕ್ರಿ, ಏನರ ಮಾಡ್ರಿ. ಮೊದಲ ಪಂಪ್ ಬಂದ್ ಮಾಡ್ರಿ!"

ಮೇಡಂ ಟವೆಲನ್ನು ಬೆಳಕಿಗೆ ಹಿಡಿದು ನೋಡಿದರು. ಬೈಯಲಿಲ್ಲ. ಕುರ್ಚಿಯಲ್ಲಿ ಕೂತು ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು.

"ಬಂದ್ ಮಾಡಾಕ ಬರಂಗಿಲ್ಲ, ದುರಗಪ್ಪನವರ."

"ಯಾಕ್ ಬರಂಗಿಲ್ರಿ?"

"ಬಣ್ಣ ಸುಳ್ಳು ಅಂತ ಬರದ್ರ ಅಂಕಿ ರದ್ದಾಗತೈತಿ. ಅಂಕಿ ರದ್ದಾದ್ರ ಹ್ವಾದ ವರ್ಷದ ದೀಪನ ಮುಂದುವರೀತೈತಿ. ಹ್ವಾದ ವರ್ಷ ಹಸಿರು. ನೀರಾಗ ವಿಷ ಐತಿ ಅಂತ ಕೆಂಪು ಹಚ್ಚಬೇಕಂದ್ರ ಬ್ಯಾರೆ ಸಾಕ್ಷಿ ಬೇಕು."

"ನೀರ ತುಂಬಿಕೊಂಡು ಹೋಗ್ರಿ! ಬಾಟಲಿ ಕೊಡತೀನಿ!"

"ಬಾಟಲಿ ನೀರಿನ ಸಾಕ್ಷಿ ಕಾಯ್ದೆದಾಗ ನಡಿಯಂಗಿಲ್ಲ. ಚೀಲದ ಹಗರಣ ಆದ ಮ್ಯಾಲೆ ತೆಗದು ಹಾಕ್ಯಾರ. ಜೀವ ಇರೂ ಮೈಯ ಸಾಕ್ಷಿನ ಬೇಕು." ಮೇಡಂ ಚೀಲದಿಂದ ಪಿಸ್ತೂಲಿನಂಥ ಒಂದು ಉಪಕರಣ ತೆಗೆದು ಮೇಜಿನ ಮೇಲಿಟ್ಟರು. ಗರಿಗೆ ಹಿಡಿದು ಕುದುರೆ ಒತ್ತಿದರೆ ಅದರೊಳಗಿನ ಲೋಹ ಎಷ್ಟೆಂದು ತೋರಿಸುವ ಯಂತ್ರ. "ಇದರಿಂದ ಗರಿ ನೋಡಬಹುದು. ಆದ್ರ ಈ ಗರಿ ಎಲ್ಲಿ ಬೆಳದದ್ದು? ಇಲ್ಲಲ್ಲ. ಹಕ್ಕಿ ಬರೂ ಮೊದಲ, ಯಾವುದೋ ದೇಶದಾಗ. ಅದು ಆ ನೀರಿನ ಕಥಿ ಹೇಳತೈತಿ, ನಮ್ಮ ನೀರಿಂದಲ್ಲ. ಹಕ್ಕಿ ಹಿಡದು ರಕ್ತ ತೆಗೀಬೇಕಂದ್ರ ಅರಣ್ಯದವರ ಒಪ್ಪಿಗಿ ಬೇಕು. ಅದು ಬರೂದ್ರಾಗ ಹಕ್ಕಿ ಹಾರಿ ಹೋಗಿರತಾವ."

"ಹಂಗಾದ್ರ ಇಲ್ಲೇ ಬೆಳದದ್ದು ಬೇಕ್ರಿ ನಿಮಗ?"

ಕೇಳಿದವನು ದುರಗಪ್ಪನಲ್ಲ. ಬಾಗಿಲಲ್ಲಿ ಶಿವಲೀಲಾ ನಿಂತಿದ್ದಳು. ಹಸಿರು ಸೀರೆ, ಹಸಿರು ಬಳೆ, ಗುಳೇದಗುಡ್ಡದ ಖಣದ ಹೊಸ ಕುಪ್ಪಸ, ತುರುಬಿನ ತುಂಬ ಮಲ್ಲಿಗೆ. ದಿಬ್ಬ ಹತ್ತಿದ್ದಕ್ಕೆ ಏದುಸಿರು ಬಿಡುತ್ತಿದ್ದಳು. ಹಿಂದೆ ಕಾಶವ್ವ, ಮಗಳ ಸೊಂಟಕ್ಕೆ ಕೈ ಆಸರೆ ಕೊಟ್ಟು.

"ಇಲ್ಯಾಕ ಬಂದ್ಯವ್ವ ನೀ? ಆರತಿ ಹೊತ್ತಾತು," ಎಂದ ದುರಗಪ್ಪ.

"ಆರತಿ ನಿಲ್ಲಲಿ." ಅವಳು ತುರುಬು ಬಿಚ್ಚಿದಳು. ಮಲ್ಲಿಗೆ ನೆಲಕ್ಕೆ ಬಿತ್ತು. "ಮೇಡಮ್ಮಾರ, ಗರಿ ಅಂದ್ರ ಹಕ್ಕಿ ಕೂದಲಾ ತಾನ? ನನ್ನ ಕೂದಲಾ ನೋಡ್ರಿ. ನಾನೂ ಈ ನೀರಾಗಿನ ಮೀನ ತಿಂದೇನಿ, ಈ ನೀರ ಕುಡದೇನಿ."

ಮೇಡಂ ಎದ್ದು ನಿಂತರು. ಕನ್ನಡಕ ಹಾಕಿಕೊಂಡರು.

"ಎಷ್ಟು ತಿಂಗಳಾತು ತಂಗಿ, ತವರಿಗೆ ಬಂದು?"

"ಎರಡ ಆತ್ರಿ."

"ತಿಂಗಳಿಗೆ ಅರ್ಧ ಬೆರಳಗಲ ಬೆಳೀತೈತಿ ಕೂದಲಾ," ಎಂದರು ಮೇಡಂ, ಅರ್ಧ ತಮ್ಮಷ್ಟಕ್ಕೆ. "ಬುಡದಾಗ ಒಂದು ಬೆರಳಗಲ ಇಲ್ಲೀದು. ಅದರ ಕೆಳಗಿನದೆಲ್ಲಾ ಗಂಡನ ಮನೀದು."

ನೆತ್ತಿಯ ಸಮೀಪದಿಂದ ಒಂದು ಎಳೆ ಕತ್ತರಿಸಿ, ಬಿಳಿ ಹಾಳೆಯ ಮೇಲೆ ಉದ್ದಕ್ಕೆ ಅಂಟಿಸಿದರು. ಉಪಕರಣವನ್ನು ತುದಿಯಿಂದ ಮೆಲ್ಲಗೆ ಜರುಗಿಸುತ್ತ ಬಂದರು. ಪರದೆಯ ಮೇಲೆ ಗೆರೆಯೊಂದು ಸಪಾಟಾಗಿ, ತೆಪ್ಪಗೆ ಹರಿಯಿತು. ಗುಳೇದಗುಡ್ಡದ ಬೋರ್‌ವೆಲ್ ನೀರು, ಅತ್ತೆಯ ಕೈಯ ಊಟ. ಸಪಾಟು. ಬಸುರಿನ ಮೊದಲ ತಿಂಗಳುಗಳು, ಐದು ತಿಂಗಳ ಕುಬಸದ ದಿನ. ಸಪಾಟು. ಉಪಕರಣ ಬುಡದ ಬಳಿ ಬಂತು. ಗೆರೆ ಬೆಚ್ಚಿಬಿದ್ದಂತೆ ನೆಟ್ಟಗೆ ಮೇಲೆದ್ದು ನಿಂತಿತು.

ಸೀಸ. ಅದರ ಪಕ್ಕದಲ್ಲೇ ಕ್ಯಾಡ್ಮಿಯಂ.

ಯಾರೂ ವಿವರಿಸಬೇಕಾಗಿರಲಿಲ್ಲ. ಎಲ್ಲಿಂದ ತವರು ಶುರುವಾಯಿತೆಂದು ಆ ಒಂದು ಎಳೆ ಕೂದಲಿನ ಮೇಲೆ ಬೆರಳಿಟ್ಟು ತೋರಿಸಬಹುದಿತ್ತು. ಕಾಶವ್ವ ಬೆರಳಿಟ್ಟಳು. ಆ ಬೆರಳಿಗೆ ಇನ್ನೂ ಮೆಣಸಿನಕಾಯಿಯ ಕೆಂಪು ಹಿಡಿದಿತ್ತು.

"ನಾನ ಕೈಯಾರೆ ತಿನಿಸಿದ್ನಿ," ಎಂದಳು. "ಒಲ್ಲೆ ಅಂದ್ರೂ ತುರುಕಿದ್ನಿ."

"ಕೂಸು?" ಎಂದಳು ಶಿವಲೀಲಾ. ಅವಳಿಗೆ ಬೇರೆ ಯಾವುದೂ ಬೇಕಿರಲಿಲ್ಲ.

ಮೇಡಂ ಸುಳ್ಳು ಸಮಾಧಾನ ಹೇಳುವ ಹೆಂಗಸಾಗಿದ್ದರೆ ಆ ಹೊತ್ತಿಗೆ ಚೆನ್ನಾಗಿರುತ್ತಿತ್ತು. "ಕೂದಲಾ ತಾಯಿದಷ್ಟ ಹೇಳತೈತಿ ತಂಗಿ. ಕೂಸಿಂದು ಇದರಾಗ ಗೊತ್ತಾಗಂಗಿಲ್ಲ. ಇವತ್ತಿಂದ ಈ ನೀರು, ಈ ಮೀನು ಬಿಡಬೇಕು. ಇವತ್ತಿಂದನ. ಬಾಗಲಕೋಟಿ ಡಾಕ್ಟರಿಗೆ ನಾನ ಫೋನ್ ಮಾಡತೀನಿ, ರಕ್ತ ನೋಡತಾರ. ಮುಂದಿಂದು ಕಾಯಬೇಕು."

ಆಮೇಲೆ ದುರಗಪ್ಪನ ಕಡೆ ತಿರುಗಿದರು. "ಕಾಯ್ದೆದಾಗ ಹಕ್ಕಿ ಅಂತಿಲ್ಲ. ಹಿನ್ನೀರು ನಂಬಿದ ಜೀವ ಅಂತೈತಿ. ಬರದವರು ಮನುಷ್ಯಾರನ್ನ ನೆನಸಿ ಬರದಿಲ್ಲ. ಇರಲಿ. ನಾ ಸಹಿ ಮಾಡತೀನಿ. ಗುಂಡಿ ಒತ್ತೂದು ನಿಮ್ಮ ಕೆಲಸ."

ದುರಗಪ್ಪ ಗುಂಡಿ ಒತ್ತಿದ. ಕಿಟಕಿಯಾಚೆ, ಜಾಕ್‌ವೆಲ್ಲಿನ ನೆತ್ತಿಯಲ್ಲಿ ಹಸಿರು ಆರಿ ಕೆಂಪು ಹತ್ತಿತು. ಪಂಪಿನ ಗುಂಯ್‌ಗುಡುವ ಸದ್ದು ನಿಂತಾಗಲೇ ಅದು ಇಷ್ಟು ದಿನ ಇತ್ತೆಂದು ತಿಳಿದದ್ದು. ಕೆಳಗೆ ಊರಿನ ಮೈಕು ಒಂದು ಹಾಡಿನ ನಡುವೆ ಬಾಯಿ ಮುಚ್ಚಿಕೊಂಡಿತು. ಯಾರೋ ಗಂಡಸು ದಿಬ್ಬದ ಕಡೆ ಮುಖ ಮಾಡಿ ಬೈಯುವುದು ಕೇಳಿಸಿತು. ದುರಗಪ್ಪನ ಅಪ್ಪನ ಹೆಸರೂ ಅದರಲ್ಲಿತ್ತು. ಬೈಯಲಿ ಎಂದುಕೊಂಡ. ನಾಳೆ ಕೊಡ ಹಿಡಿದು ಟ್ಯಾಂಕರಿನ ಹಿಂದೆ ಓಡುವಾಗ ಇನ್ನೂ ಬೈಯುತ್ತಾರೆ. ಭಟ್ಟಿಯವರನ್ನು ಬೈಯುವ ದಿನ ಯಾವಾಗ ಬರುತ್ತದೋ.

ಆರತಿ ಆಗಲಿಲ್ಲ. ಅಳಿಯ ಆಟೋ ತಂದು ಬಾಗಿಲಿಗೆ ನಿಲ್ಲಿಸಿದ. ಚೊಚ್ಚಲ ಹೆರಿಗೆಗೆ ತವರಿಗೆ ಬಂದ ಮಗಳನ್ನು ಹೆರುವ ಮೊದಲೇ ಗಂಡನ ಮನೆಗೆ ತಿರುಗಿ ಕಳಿಸಿದ ಮನೆ ಕಡ್ಲಿಹಾಳದಲ್ಲಿ, ಹಳೆಯದಿರಲಿ ಹೊಸದಿರಲಿ, ಇದೇ ಮೊದಲು. ಬೀಗತಿ ಬಾಯಿ ತೆರೆಯಲು ಹೊರಟವಳು ಕಾಶವ್ವನ ಮುಖ ನೋಡಿ ಆಟೋ ಹತ್ತಿದಳು. ಕಾಶವ್ವ ಮಗಳ ಉಡಿಗೆ ಏನೂ ಹಾಕಲಿಲ್ಲ. ಜೋಳ ಈ ನೀರಿನದು, ಬೆಲ್ಲದ ಕಬ್ಬು ಈ ನೀರಿನದು. ಬರಿಗೈಯಿಂದ ಮಗಳ ಗಲ್ಲ ಸವರಿ ನೆಟಿಕೆ ಮುರಿದಳು.

"ಯವ್ವಾ, ಅಳಬ್ಯಾಡ. ಕೂಸು ಹುಟ್ಟಿದ ಮ್ಯಾಲೆ ಬಾ," ಎಂದಳು ಶಿವಲೀಲಾ.

"ಬರತೀನಿ. ನೀರ ಮಾತ್ರ ನಿಮ್ಮ ಮನೀದ ಕುಡೀತೀನಿ."

ಆಟೋ ತಿರುವಿನಲ್ಲಿ ಮರೆಯಾಯಿತು. ಕಾಶವ್ವ ಒಳಗೆ ಹೋಗಿ, ಹೋಳಿಗೆ ಬಡಿಸಲು ತೊಳೆದಿಟ್ಟ ಸ್ಟೀಲಿನ ತಾಟೊಂದನ್ನೂ ಸೌಟನ್ನೂ ಎತ್ತಿಕೊಂಡು ಹೊಳೆಯ ಕಡೆ ನಡೆದಳು. ದಾರಿಯಲ್ಲಿ ಯಾರನ್ನೂ ಕರೆಯಲಿಲ್ಲ. ಆದರೂ ಒಂದೊಂದು ಬಾಗಿಲಿನಿಂದ ಒಬ್ಬೊಬ್ಬಳು ಹೊರಬಂದು ಹಿಂದೆ ಹೊರಟಳು, ಕೈಗೆ ಸಿಕ್ಕ ತಾಟು, ಬೋಗುಣಿ, ಮುಚ್ಚಳ ಹಿಡಿದುಕೊಂಡು.

ದುರಗಪ್ಪ ಬಣ್ಣದ ಕೋಣೆಯ ಪರದೆಯಲ್ಲಿ ನೋಡಿದ. ಹೆಂಗಸರು ಸೀರೆ ಎತ್ತಿ ಕಟ್ಟಿ ತೆಳು ನೀರಿಗಿಳಿದರು. ಕಾಶವ್ವ ಮುಂದೆ. ತಾಟು ಬಡಿಯತೊಡಗಿದಳು. ಗೋಪುರದ ಕ್ಯಾಮೆರಾದ ಮೈಕಿನಿಂದ ಆಕೆಯ ದನಿ ಒಡೆದು ಒಡೆದು ಬಂತು.

"ಹೋಗ್ರವ್ವಾ! ಹೋಗ್ರಿ! ಇದು ನಿಮ್ಮ ತವರಲ್ಲ! ಇಲ್ಲೇನೂ ತಿನ್ನಬ್ಯಾಡ್ರಿ, ಹೋಗ್ರಿ!"

ಹಿಂಡು ಮೊದಲು ಅಲುಗಲಿಲ್ಲ. ದಿನಾ ಉಡಿ ತಂದ ಕೈಗಳು ಅವು, ಹಕ್ಕಿಗಳು ಅವುಗಳ ಕಡೆಗೇ ನಾಲ್ಕು ಹೆಜ್ಜೆ ಬಂದವು. ಹೆಂಗಸರು ಇನ್ನೂ ಜೋರಾಗಿ ಬಡಿದರು, ಅಳುತ್ತ, ಬೈಯುತ್ತ. ಕೊನೆಗೆ ಒಂದು ರೆಕ್ಕೆ ಬಿಚ್ಚಿತು. ಹಿಂದೆಯೇ ನೂರು, ಸಾವಿರ. ಕೇಸರಿ ಮೋಡವೊಂದು ನೀರಿನಿಂದ ಎದ್ದು, ಜಾಕ್‌ವೆಲ್ಲಿನ ಕೆಂಪು ದೀಪದ ಮೇಲಿಂದ ಹಾಯ್ದು, ಕಣ್ಣಿಗೆ ಕಾಣದಂತಾಯಿತು.

ಕೆಲವು ಏಳಲಿಲ್ಲ. ಕೊಕ್ಕು ಊರಿಕೊಂಡು ನಿಂತ ಆ ಹಕ್ಕಿಯೂ ಅವುಗಳಲ್ಲಿತ್ತು. ಕಾಶವ್ವ ತಾಟು ಕೆಳಗಿಟ್ಟು ಅದರ ಹತ್ತಿರ ಹೋದಳು. ಮುಟ್ಟಲಿಲ್ಲ. ಪಕ್ಕದಲ್ಲಿ ನೀರಿನಲ್ಲೇ ಕೂತಳು.

ಪರದೆಯ ಮೂಲೆಯಲ್ಲಿ ಅಂಕಿ ಇದ್ದ ಜಾಗ ಖಾಲಿಯಾಗಿತ್ತು. ದುರಗಪ್ಪನಿಗೆ ಬಾಯಾರಿತು. ಮೇಜಿನ ಮೇಲೆ ಮೊನ್ನೆ ತುಂಬಿಟ್ಟ ಚೊಂಬು ಹಾಗೇ ಇತ್ತು. ಕೈ ಅದರ ತನಕ ಹೋಗಿ, ತಿರುಗಿ ಬಂತು.